ಪೇಪರ್ ಇನ್ನೂ ಬಂದಿಲ್ಲ: ಮೆಡಿಕಲ್ ಸ್ಕೂಲ್ ಅರ್ಜಿಯಲ್ಲಿ ನಿಮ್ಮ ಸಂಶೋಧನೆಯನ್ನು ಬರೆಯುವ ಬಗೆ

ಎರಡು ವರ್ಷ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೀರಿ. ಶನಿವಾರ ಬೆಳಿಗ್ಗೆ ಎದ್ದು ಹೋಗಿ ಸೆಲ್‌ಗಳಿಗೆ ಮೀಡಿಯಾ, ಅಂದರೆ ಅವು ಬೆಳೆಯುವ ಪೋಷಕ ದ್ರವ, ಬದಲಿಸಿದ್ದೀರಿ. ಇಲ್ಲವೇ ನೂರಾರು ರೋಗಿಗಳ ಚಾರ್ಟ್ ಓದಿ ಸ್ಪ್ರೆಡ್‌ಶೀಟ್ ತುಂಬಿದ್ದೀರಿ. ಈಗ ಮೇ ತಿಂಗಳು, ಅಮೆರಿಕದ ಮೆಡಿಕಲ್ ಸ್ಕೂಲ್‌ಗಳ ಅರ್ಜಿ ತೆರೆದಿದೆ. ಎಲ್ಲಾ ತುಂಬಿಕೊಂಡು ಬಂದು ಸಂಶೋಧನೆಯ ಜಾಗಕ್ಕೆ ಬಂದಾಗ ಕೈ ನಿಂತುಬಿಡುತ್ತದೆ. ಜರ್ನಲ್‌ನಲ್ಲಿ ಪೇಪರ್ ಬಂದಿಲ್ಲವಲ್ಲ, ಇದನ್ನು ಹಾಕಬಹುದಾ?

ಹಾಕಬಹುದು. ಹಾಕಲೇಬೇಕು. ಹೆಚ್ಚಿನ ಎಂ.ಡಿ. (ಅಮೆರಿಕದಲ್ಲಿ ಇದು ವೈದ್ಯರಾಗುವ ಮೊದಲ ಪದವಿ) ಕಾಲೇಜುಗಳು ಬಳಸುವ ಆಮ್‌ಕಾಸ್ ಅರ್ಜಿಯಲ್ಲಿ ‘ರಿಸರ್ಚ್/ಲ್ಯಾಬ್’ ಒಂದು ವಿಭಾಗ, ‘ಪಬ್ಲಿಕೇಷನ್ಸ್’ ಬೇರೆಯೇ ವಿಭಾಗ. ಮೊದಲನೆಯದು ಕೇಳುವುದು ನೀವು ಏನು ಮಾಡಿದಿರಿ ಅಂತ. ಎರಡನೆಯದು ಕೇಳುವುದು ಏನು ಪ್ರಕಟವಾಯಿತು ಅಂತ. ಮೊದಲ ಪ್ರಶ್ನೆಗೆ ನಿಮ್ಮ ಹತ್ತಿರ ಎರಡು ವರ್ಷದ ಉತ್ತರ ಇದೆ.

ಪೇಪರ್ ಬರುವುದು ವಿದ್ಯಾರ್ಥಿಯ ಕೈಯಲ್ಲಿರುವ ಸಂಗತಿಯೂ ಅಲ್ಲ. ಲ್ಯಾಬ್‌ನ ಮುಖ್ಯಸ್ಥರಿಗೆ, ಅಂದರೆ ಪಿಐಗೆ, ಇನ್ನೂ ಎರಡು ಪ್ರಯೋಗ ಬೇಕೆನಿಸಬಹುದು. ಜರ್ನಲ್‌ಗಾಗಿ ಪೇಪರ್ ರಿವ್ಯೂ ಮಾಡುವವರು ಆರು ತಿಂಗಳ ಹೊಸ ಕೆಲಸ ಕೇಳಬಹುದು. ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ಮುಗಿಸಿ ಲ್ಯಾಬ್‌ನಲ್ಲಿ ಸಂಶೋಧನೆ ಮಾಡುವವರು, ಬೇರೆ ಕಡೆ ಕೆಲಸಕ್ಕೆ ಹೋಗಬಹುದು. ಅರ್ಜಿ ಓದುವ ಪ್ರೊಫೆಸರ್‌ಗಳಲ್ಲಿ ಎಷ್ಟೋ ಜನ ಇದನ್ನೆಲ್ಲ ಸ್ವತಃ ಕಂಡವರು. ಅವರಿಗೆ ಆಶ್ಚರ್ಯ ಆಗುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿ ಆಗುತ್ತದೆ? ಎರಡು ಕಡೆ. ಕೆಲವರು ಸಂಕೋಚಪಟ್ಟು ಎರಡು ವರ್ಷದ ಕೆಲಸವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಇನ್ನು ಕೆಲವರು ಪೇಪರ್ ಇಲ್ಲದ ಕೊರತೆಯನ್ನು ದೊಡ್ಡ ಮಾತುಗಳಿಂದ ತುಂಬಲು ನೋಡುತ್ತಾರೆ. ಎರಡೂ ಬೇಡ. ಕೆಲಸ ಎಲ್ಲಿಗೆ ಬಂದು ನಿಂತಿದೆಯೋ ಅಲ್ಲೇ ನಿಂತು ಬರೆಯಬೇಕು. ಅದನ್ನು ಮಾಡುವ ಬಗೆ ಇಲ್ಲಿದೆ.

1. ಮೊದಲು ಲ್ಯಾಬ್ ನೋಟ್‌ಬುಕ್ ತೆಗೆಯಿರಿ

ಅರ್ಜಿ ತೆರೆದು ನೇರವಾಗಿ ಬರೆಯಲು ಕೂರಬೇಡಿ. ನೆನಪಿನಿಂದ ಬರೆದರೆ ಎಲ್ಲರೂ ಬರೆಯುವ ಮಾತೇ ಬರುತ್ತದೆ: “ಪ್ರಯೋಗಗಳಲ್ಲಿ ಸಹಾಯ ಮಾಡಿದೆ, ಡೇಟಾ ವಿಶ್ಲೇಷಿಸಿದೆ.” ನಿಮ್ಮ ನೋಟ್‌ಬುಕ್, ಕ್ಯಾಲೆಂಡರ್, ಹಳೆಯ ಇಮೇಲ್, ಗ್ರೂಪ್ ಮೀಟಿಂಗ್‌ಗೆ ಮಾಡಿದ ಸ್ಲೈಡ್‌ಗಳನ್ನು ಮುಂದಿಟ್ಟುಕೊಳ್ಳಿ. ಒಂದು ಸಂಜೆ ಅದಕ್ಕೇ ಕೊಡಿ.

ಮೂರು ಬಗೆಯ ವಿಷಯ ಹುಡುಕಿ. ನೀವು ನಿಮ್ಮ ಕೈಯಾರೆ ಮಾಡಿದ್ದು. ನೀವು ಯೋಚಿಸಿ ನಿರ್ಧರಿಸಿದ್ದು, ಅದು ಎಷ್ಟೇ ಚಿಕ್ಕದಿರಲಿ. ಮತ್ತೆ, ಕೆಟ್ಟುಹೋದದ್ದು. ಈ ಮೂರನೆಯದನ್ನು ಯಾರೂ ಹುಡುಕುವುದಿಲ್ಲ. ಆದರೆ ಅಲ್ಲೇ ಜಾಸ್ತಿ ಸಿಗುತ್ತದೆ.

ಜೊತೆಗೆ ಗಂಟೆಗಳ ಲೆಕ್ಕ. ಆಮ್‌ಕಾಸ್ ಒಟ್ಟು ಗಂಟೆಗಳನ್ನು ಕೇಳುತ್ತದೆ. ಮುಗಿದಿರುವ ಗಂಟೆ ಬೇರೆ, ಮುಂದೆ ಮಾಡಲಿರುವ ಗಂಟೆ ಬೇರೆ. ಸೆಮಿಸ್ಟರ್‌ನಲ್ಲಿ ವಾರಕ್ಕೆ 10 ಗಂಟೆ ಮಾಡಿದ್ದೀರಿ, ಅಂಥ 30 ವಾರ ಅಂದರೆ 300 ಗಂಟೆ. ಬೇಸಿಗೆಯಲ್ಲಿ 10 ವಾರ, ವಾರಕ್ಕೆ 35 ಗಂಟೆ, ಅದು 350. ಒಟ್ಟು 650. ಪರೀಕ್ಷೆಯ ವಾರಗಳನ್ನೂ ರಜೆಯನ್ನೂ ಬಿಟ್ಟು ಲೆಕ್ಕ ಹಾಕಿ. “ಎರಡು ವರ್ಷ, ವರ್ಷಕ್ಕೆ 52 ವಾರ” ಅಂತ ಗುಣಿಸಿದರೆ 1000 ದಾಟುತ್ತದೆ, ಆದರೆ ಅದು ನಿಜವಲ್ಲ. ಒಂದೇ ಚಟುವಟಿಕೆಗೆ ನಾಲ್ಕು ಅವಧಿಗಳವರೆಗೆ ಬೇರೆ ಬೇರೆಯಾಗಿ ತುಂಬಲು ಅವಕಾಶ ಇದೆ. ಸೆಮಿಸ್ಟರ್ ಒಂದು, ಬೇಸಿಗೆ ಒಂದು ಅಂತ ತುಂಬಿದರೆ ಓದುವವರಿಗೂ ಚಿತ್ರ ಸ್ಪಷ್ಟವಾಗುತ್ತದೆ.

2. ಕೆಲಸ ಯಾವ ಹಂತದಲ್ಲಿದೆ ಅನ್ನುವುದಕ್ಕೆ ಸರಿಯಾದ ಪದ ಹಿಡಿಯಿರಿ

ಈ ಹಂತದಲ್ಲಿ ಸ್ವಲ್ಪ ನಿಧಾನ ಮಾಡಿ. ಒಂದು ಪದ ಆಚೀಚೆ ಆದರೆ ಪ್ರಾಮಾಣಿಕ ಅರ್ಜಿಯೂ ಸುಳ್ಳಿನಂತೆ ಕಾಣುತ್ತದೆ.

ಡೇಟಾ ಇನ್ನೂ ಸೇರಿಸುತ್ತಿದ್ದರೆ “ಡೇಟಾ ಸಂಗ್ರಹ ನಡೆಯುತ್ತಿದೆ” ಅಂತಲೇ ಹೇಳಿ. ಹಸ್ತಪ್ರತಿಯನ್ನು ಯಾರಾದರೂ ನಿಜವಾಗಿ ಬರೆಯುತ್ತಿದ್ದರೆ ಮಾತ್ರ “ಇನ್ ಪ್ರಿಪರೇಷನ್”. ಪಿಐ ಒಮ್ಮೆ “ಇದನ್ನು ಮುಂದೆ ಪೇಪರ್ ಮಾಡೋಣ” ಅಂದಿದ್ದು ಪ್ರಿಪರೇಷನ್ ಆಗುವುದಿಲ್ಲ. ಕರಡು ಒಂದು ಫೈಲ್ ಆಗಿ ಎಲ್ಲೋ ಇರಬೇಕು, ಅದರಲ್ಲಿ ನಿಮ್ಮ ಪಾಲು ಇರಬೇಕು. ಜರ್ನಲ್‌ಗೆ ಕಳಿಸಿದ್ದರೆ “ಸಬ್‌ಮಿಟೆಡ್”. ಸಂಪಾದಕರು ವಿಮರ್ಶಕರಿಗೆ ಕಳಿಸಿದ್ದಾರೆ ಅಂತ ಗೊತ್ತಿದ್ದರೆ “ಅಂಡರ್ ರಿವ್ಯೂ”. ತಿದ್ದಿ ಮತ್ತೆ ಕಳಿಸಿ ಅಂದಿದ್ದರೆ “ಇನ್ ರಿವಿಷನ್”. ಒಪ್ಪಿಕೊಂಡು ಪತ್ರ ಬಂದಿದ್ದರೆ “ಆಕ್ಸೆಪ್ಟೆಡ್”. ಒಪ್ಪಿಗೆ ಆಗಿ ಇನ್ನೂ ಸಂಚಿಕೆಯಲ್ಲಿ ಬರದೇ ಇದ್ದರೆ “ಇನ್ ಪ್ರೆಸ್”.

ನನ್ನ ಅಭಿಪ್ರಾಯ ಕೇಳಿದರೆ, ‘ಪಬ್ಲಿಕೇಷನ್ಸ್’ ವಿಭಾಗಕ್ಕೆ ಒಪ್ಪಿಗೆ ಪಡೆದವು ಮತ್ತು ಪ್ರಕಟವಾದವು ಮಾತ್ರ ಹೋಗಲಿ. ಅದಕ್ಕಿಂತ ಹಿಂದಿನ ಹಂತದ್ದೆಲ್ಲ ‘ರಿಸರ್ಚ್/ಲ್ಯಾಬ್’ ವಿವರಣೆಯ ಕೊನೆಯಲ್ಲಿ ಒಂದು ಸಾಲಾಗಿ ಬರಲಿ. “ಹಸ್ತಪ್ರತಿ ಸಲ್ಲಿಸಲಾಗಿದೆ, ನಾನು ಮೂರನೆಯ ಲೇಖಕ” ಅನ್ನುವ ಸಾಲು ಅಲ್ಲಿ ಚೆನ್ನಾಗಿ ಕಾಣುತ್ತದೆ. ಅದನ್ನೇ ಪಬ್ಲಿಕೇಷನ್ಸ್ ಅಂತ ಬೇರೆ ಖಾನೆಗೆ ಹಾಕಿದರೆ, ತೆರೆದು ನೋಡಿದವರಿಗೆ ಅಲ್ಲಿ ಪೇಪರ್ ಸಿಗುವುದಿಲ್ಲ. ಆ ಕ್ಷಣದಿಂದ ಉಳಿದ ಖಾನೆಗಳನ್ನೂ ಅವರು ಅನುಮಾನದಿಂದಲೇ ಓದುತ್ತಾರೆ.

ಪ್ರಿಪ್ರಿಂಟ್, ಅಂದರೆ ಜರ್ನಲ್‌ನ ವಿಮರ್ಶೆಗೆ ಮೊದಲೇ ಆನ್‌ಲೈನ್‌ನಲ್ಲಿ ಹಾಕಿದ ಪೇಪರ್, ಅದರ ವಿಷಯ ಸ್ವಲ್ಪ ಬೇರೆ. ಅಂಥ ಪೇಪರ್‌ಗಳ ತಾಣಗಳಲ್ಲಿ ಬಯೋಆರ್ಕೈವ್ 2013ರಲ್ಲಿ ಶುರುವಾಯಿತು, ಮೆಡ್‌ಆರ್ಕೈವ್ 2019ರಲ್ಲಿ. ಅಲ್ಲಿ ಹಾಕಿದ ಪೇಪರ್ ಯಾರು ಬೇಕಾದರೂ ಓದಬಹುದು, ಅದಕ್ಕೆ ಡಿಒಐ ಅನ್ನುವ ಶಾಶ್ವತ ಗುರುತಿನ ಸಂಖ್ಯೆಯೂ ಇರುತ್ತದೆ. ಆದರೆ ಪೀರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ತಜ್ಞರ ವಿಮರ್ಶೆ, ಆಗಿರುವುದಿಲ್ಲ. ಹಾಗಾಗಿ ಅದನ್ನು ನಮೂದಿಸುವಾಗ ‘ಪ್ರಿಪ್ರಿಂಟ್’ ಅನ್ನುವ ಪದ ಮೊದಲ ಸಾಲಿನಲ್ಲೇ ಇರಲಿ. ಜರ್ನಲ್ ಹೆಸರಿನ ಜಾಗದಲ್ಲಿ ಸುಮ್ನೆ ಬಯೋಆರ್ಕೈವ್ ಅಂತ ಬರೆದು ಬಿಟ್ಟರೆ ಮರೆಮಾಚಿದ ಹಾಗೆ ಕಾಣಬಹುದು.

ಲೇಖಕರ ಪಟ್ಟಿಯಲ್ಲಿ ನಿಮ್ಮ ಹೆಸರು ಇರುತ್ತದೋ ಇಲ್ಲವೋ ಅನ್ನುವುದನ್ನು ನೀವೇ ಊಹಿಸಬೇಡಿ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಾಗಲು ನಾಲ್ಕು ಷರತ್ತು ಇಟ್ಟಿದೆ. ಕೆಲಸದಲ್ಲಿ ಗಟ್ಟಿಯಾದ ಪಾಲು ಇರಬೇಕು. ಬರವಣಿಗೆಯಲ್ಲೋ ಅದನ್ನು ವಿಮರ್ಶಿಸಿ ತಿದ್ದುವುದರಲ್ಲೋ ಪಾಲು ಇರಬೇಕು. ಕೊನೆಯ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಇಡೀ ಕೆಲಸಕ್ಕೆ ಹೊಣೆ ಹೊರಬೇಕು. ನಾಲ್ಕೂ ಸೇರಿದರೆ ಲೇಖಕ. ಬರೀ ಮಾದರಿಗಳನ್ನು ಜೋಡಿಸಿಕೊಟ್ಟಿದ್ದರೆ ಕೃತಜ್ಞತೆಯ ಸಾಲಿನಲ್ಲಿ ಹೆಸರು ಬರಬಹುದು. ಅದೂ ಗೌರವದ ಜಾಗವೇ. ಆದರೆ ಅದನ್ನು ಲೇಖಕತ್ವ ಅಂತ ಬರೆಯುವ ಹಾಗಿಲ್ಲ.

3. ಪಿಐ ಹತ್ತಿರ ಹತ್ತು ನಿಮಿಷ ಮಾತಾಡಿ

ಅರ್ಜಿ ಕಳಿಸುವ ಮೊದಲು ಈ ಮಾತುಕತೆ ಆಗಲೇಬೇಕು. ಇಮೇಲ್‌ನಲ್ಲೂ ಆಗುತ್ತದೆ, ಎದುರಿಗೆ ಕೂತರೆ ಇನ್ನೂ ಒಳ್ಳೆಯದು. ಹಸ್ತಪ್ರತಿ ಯಾವ ಹಂತದಲ್ಲಿದೆ, ನಾನು ಯಾವ ಪದ ಬಳಸಲಿ? ಲೇಖಕರ ಪಟ್ಟಿ ತೀರ್ಮಾನ ಆಗಿದೆಯಾ? ಯಾವ ಫಲಿತಾಂಶವನ್ನು ಹೊರಗೆ ಹೇಳಬಹುದು, ಯಾವುದನ್ನು ಹೇಳಬಾರದು?

ಕೊನೆಯ ಪ್ರಶ್ನೆಯನ್ನು ತುಂಬಾ ವಿದ್ಯಾರ್ಥಿಗಳು ಕೇಳುವುದೇ ಇಲ್ಲ. ಪ್ರಕಟವಾಗದ ಫಲಿತಾಂಶ ನಿಮ್ಮೊಬ್ಬರದಲ್ಲ. ಅದರ ಮೇಲೆ ಪೇಟೆಂಟ್ ಅರ್ಜಿ ಇರಬಹುದು. ಇನ್ನೊಂದು ಲ್ಯಾಬ್ ಅದೇ ಪ್ರಶ್ನೆಯ ಹಿಂದೆ ಓಡುತ್ತಿರಬಹುದು. ಹಾಗಿದ್ದರೆ ಸಂಯುಕ್ತದ ಹೆಸರು, ಜೀನ್‌ನ ಹೆಸರು ಬಿಟ್ಟು ಬರೆಯಿರಿ. “ಸೋಂಕು ತಡೆಯಬಲ್ಲ ಒಂದು ಸಣ್ಣ ಅಣು” ಅಂದರೆ ಸಾಕು, ನಿಮ್ಮ ಕೆಲಸ ಅರ್ಥವಾಗುತ್ತದೆ. ರೋಗಿಗಳ ಮೇಲಿನ ಅಧ್ಯಯನವಾದರೆ ಇನ್ನೂ ಎಚ್ಚರ ಬೇಕು. ಯಾವ ರೋಗಿಯನ್ನೂ ಗುರುತಿಸುವಂಥ ವಿವರ ಬರಬಾರದು. ಅಪರೂಪದ ಕಾಯಿಲೆ, ವಯಸ್ಸು, ಊರು ಮೂರೂ ಒಟ್ಟಿಗೆ ಬಂದರೆ ಹೆಸರು ಹೇಳದೆಯೂ ವ್ಯಕ್ತಿ ಗೊತ್ತಾಗಿಬಿಡುತ್ತಾರೆ.

ಪ್ರತಿ ಚಟುವಟಿಕೆಗೂ ಆಮ್‌ಕಾಸ್ ಒಬ್ಬ ಸಂಪರ್ಕ ವ್ಯಕ್ತಿಯ ವಿವರ ಕೇಳುತ್ತದೆ. ಕಾಲೇಜಿನವರು ಅವರಿಗೆ ಬರೆದು ವಿಚಾರಿಸಬಹುದು. ನೀವು ಬರೆದದ್ದನ್ನು ಓದಿ ಪಿಐ “ಹೌದು, ಹೀಗೇ ಆಯಿತು” ಅನ್ನಬೇಕು. ಪ್ರತಿ ಸಾಲಿಗೂ ಇದೇ ಪರೀಕ್ಷೆ.

4. ಆ 700 ಅಕ್ಷರ

ಆಮ್‌ಕಾಸ್‌ನಲ್ಲಿ ಒಟ್ಟು 15 ಚಟುವಟಿಕೆ ಹಾಕಬಹುದು. ಪ್ರತಿಯೊಂದಕ್ಕೂ 700 ಅಕ್ಷರ, ಖಾಲಿ ಜಾಗವೂ ಅದರಲ್ಲಿ ಲೆಕ್ಕ. ಇಂಗ್ಲಿಷಿನಲ್ಲಿ ಸುಮಾರು ನೂರು ಪದ. ಡಿ.ಒ. ಅನ್ನುವ ಇನ್ನೊಂದು ವೈದ್ಯ ಪದವಿ ಕೊಡುವ ಆಸ್ಟಿಯೋಪಥಿಕ್ ಕಾಲೇಜುಗಳ ಆಕೋಮಾಸ್ ಅರ್ಜಿಯಲ್ಲಿ 600 ಅಕ್ಷರ. ಟೆಕ್ಸಸ್ ರಾಜ್ಯದ ಕಾಲೇಜುಗಳ ಟಿಎಂಡಿಎಸ್‌ಎಎಸ್ ಅರ್ಜಿಯಲ್ಲಿ 300. ಅಂದರೆ ಒಂದೇ ಕೆಲಸವನ್ನು ಮೂರು ಅಳತೆಯಲ್ಲಿ ಬರೆದಿಟ್ಟುಕೊಳ್ಳಬೇಕಾಗಬಹುದು. ಮೊದಲು 700ರದ್ದು ಬರೆಯಿರಿ. ಅದನ್ನು ಕತ್ತರಿಸುತ್ತಾ ಬಂದಾಗ ನಿಜವಾಗಿ ಮುಖ್ಯವಾದದ್ದು ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ನಾನು ಅರ್ಜಿ ಹಾಕಿದ ವರ್ಷದ ಮಾತು ಹೇಳುತ್ತೇನೆ. ನಮ್ಮ ಲ್ಯಾಬ್ ಗಾಯಗಳಲ್ಲಿ ಸೋಂಕು ತರುವ ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತಿತ್ತು. ಈ ಬ್ಯಾಕ್ಟೀರಿಯಾ ಒಟ್ಟಾಗಿ ಅಂಟಿಕೊಂಡು ಬಯೋಫಿಲ್ಮ್ ಅನ್ನುವ ಲೋಳೆಯ ಪದರ ಕಟ್ಟುತ್ತದೆ. ಅದರೊಳಗೆ ಸೇರಿಕೊಂಡರೆ ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ನನ್ನ ಮೊದಲ ಕರಡು ಪೂರ್ತಿ ಇದೇ ಇತ್ತು. ಬಯೋಫಿಲ್ಮ್ ಎಂದರೇನು, ಅದು ಎಷ್ಟು ಅಪಾಯ, ನಮ್ಮ ಲ್ಯಾಬ್ ಅದನ್ನು ಹೇಗೆ ಸೋಲಿಸಲು ಹೊರಟಿದೆ. ನನಗೆ ಕೆಲಸ ಕಲಿಸಿದ ಪಿಎಚ್.ಡಿ. ವಿದ್ಯಾರ್ಥಿನಿ ಅದನ್ನು ಓದಿ, “ಇದು ನಮ್ಮ ಗ್ರ್ಯಾಂಟ್ ಅರ್ಜಿ. ಇದರಲ್ಲಿ ನೀನೆಲ್ಲಿ?” ಅಂತ ಕೇಳಿದರು.

ಆ ಪ್ರಶ್ನೆಗೆ ಉತ್ತರ ನನ್ನ ನೋಟ್‌ಬುಕ್‌ನಲ್ಲಿತ್ತು. ನಾನು 96 ಗುಳಿಗಳ ಪ್ಲೇಟ್‌ನಲ್ಲಿ ಬಯೋಫಿಲ್ಮ್ ಬೆಳೆಸಿ, ಕ್ರಿಸ್ಟಲ್ ವಯೋಲೆಟ್ ಬಣ್ಣ ಹಾಕಿ ಅಳೆಯುತ್ತಿದ್ದೆ. ತಿಂಗಳುಗಟ್ಟಲೆ ಒಂದು ಪ್ಲೇಟ್‌ಗೂ ಇನ್ನೊಂದಕ್ಕೂ ತಾಳೆಯೇ ಆಗಲಿಲ್ಲ. ಕೊನೆಗೆ ಸಂಖ್ಯೆಗಳನ್ನು ಪ್ಲೇಟ್‌ನ ಆಕಾರದಲ್ಲೇ ಜೋಡಿಸಿ ನೋಡಿದೆ. ಅಂಚಿನ ಗುಳಿಗಳಲ್ಲಿ ಮಾತ್ರ ಅಳತೆ ದಾರಿ ತಪ್ಪುತ್ತಿತ್ತು. ಇನ್‌ಕ್ಯುಬೇಟರ್‌ನಲ್ಲಿ ಅಂಚಿನ ಗುಳಿಗಳ ನೀರು ಬೇಗ ಆವಿಯಾಗುತ್ತದೆ, ಅದೇ ಕಾರಣ. ಹೊರಸುತ್ತಿನ 36 ಗುಳಿಗಳಿಗೆ ಬರೀ ನೀರು ತುಂಬಿ, ಒಳಗಿನ 60ರಲ್ಲಿ ಮಾತ್ರ ಪ್ರಯೋಗ ಮಾಡಲು ಶುರು ಮಾಡಿದೆ. ಅಳತೆಗಳು ಕೂಡಿಕೊಂಡವು. ಆಮೇಲೆ ತಿಳಿದದ್ದು, ನಾವು ಪರೀಕ್ಷಿಸುತ್ತಿದ್ದ ಅಣು ಬಯೋಫಿಲ್ಮ್ ಅನ್ನು ಕಡಿಮೆ ಮಾಡುವುದಿಲ್ಲ ಅಂತ. ಮೊದಲು ಕಂಡಿದ್ದ ‘ಪರಿಣಾಮ’ ಅಂಚಿನ ಗುಳಿಗಳ ಆಟವಾಗಿತ್ತು. ಪೇಪರ್ ಬರಲಿಲ್ಲ.

ಅಂಚಿನ ಗುಳಿಗಳ ಸಮಸ್ಯೆ ಈ ಕೆಲಸ ಮಾಡುವವರಿಗೆ ಹೊಸತಲ್ಲ, ನಾನು ಏನನ್ನೂ ಕಂಡುಹಿಡಿಯಲಿಲ್ಲ. ಆದರೆ ಅರ್ಜಿಯಲ್ಲಿ ಬರೆಯಬೇಕಾದದ್ದು ಅದೇ ಆಗಿತ್ತು. ಎರಡು ರೂಪಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಇಲ್ಲಿ ಹುರುಳು ತಿಳಿಯಲಿ ಅಂತ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಮೊದಲನೆಯದು: “ಆಂಟಿಬಯಾಟಿಕ್ ಪ್ರತಿರೋಧ ಜಗತ್ತಿನ ದೊಡ್ಡ ಸಮಸ್ಯೆ. ನಮ್ಮ ಲ್ಯಾಬ್ ಬಯೋಫಿಲ್ಮ್‌ಗಳ ವಿರುದ್ಧ ಹೊಸ ಚಿಕಿತ್ಸೆಗಳನ್ನು ರೂಪಿಸುತ್ತಿದೆ. ಈ ಮಹತ್ವದ ಯೋಜನೆಯಲ್ಲಿ ಅನೇಕ ಪ್ರಯೋಗಗಳಿಗೆ ಕೊಡುಗೆ ನೀಡಿದೆ. ವಿಮರ್ಶಾತ್ಮಕ ಚಿಂತನೆ ಮತ್ತು ತಂಡದಲ್ಲಿ ಕೆಲಸ ಮಾಡುವುದನ್ನು ಕಲಿತೆ. ಪೇಪರ್ ಶೀಘ್ರದಲ್ಲೇ ಪ್ರಕಟವಾಗಲಿದೆ.”

ಎರಡನೆಯದು: “ಗಾಯದ ಸೋಂಕಿನ ಬ್ಯಾಕ್ಟೀರಿಯಾ ಕಟ್ಟುವ ಬಯೋಫಿಲ್ಮ್ ಅನ್ನು ಒಂದು ಸಣ್ಣ ಅಣು ತಡೆಯುತ್ತದೆಯೇ ಎಂದು ಪರೀಕ್ಷಿಸಿದೆ. ಪ್ಲೇಟ್‌ಗಳನ್ನು ಸಿದ್ಧಮಾಡಿ, ಬಣ್ಣ ಹಾಕಿ, ಅಳೆದು, ಆರ್ (R) ಸಾಫ್ಟ್‌ವೇರ್ ಬಳಸಿ ವಿಶ್ಲೇಷಿಸಿದೆ. ಫಲಿತಾಂಶ ಪದೇ ಪದೇ ಬದಲಾದಾಗ, ಅಂಚಿನ ಗುಳಿಗಳು ಒಣಗುತ್ತಿವೆ ಎಂದು ಗುರುತಿಸಿ ಪ್ಲೇಟ್‌ನ ವಿನ್ಯಾಸ ಬದಲಿಸಿದೆ. ಲ್ಯಾಬ್ ಈಗ ಅದೇ ವಿನ್ಯಾಸ ಬಳಸುತ್ತಿದೆ. ತಿದ್ದಿದ ವಿಧಾನದಲ್ಲಿ ಅಣುವಿನ ಪರಿಣಾಮ ಕಾಣಲಿಲ್ಲ. ಗ್ರೂಪ್ ಮೀಟಿಂಗ್‌ನಲ್ಲಿ ಎರಡು ಬಾರಿ ವಿವರಿಸಿದೆ. ಪ್ರಕಟಣೆಗೆ ಸಲ್ಲಿಸಿಲ್ಲ.”

ಎರಡನೆಯದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಒಬ್ಬ ಮನುಷ್ಯ ಕಾಣುತ್ತಾನೆ, ಅಲ್ವಾ? ಮೊದಲನೆಯದರ ಕೊನೆಯ ಸಾಲನ್ನಂತೂ ಎಂದೂ ಬರೆಯಬೇಡಿ. ‘ಶೀಘ್ರದಲ್ಲೇ’ ಅನ್ನುವ ಭರವಸೆ ಕೊಡಲು ಪಿಐಗೂ ಆಗುವುದಿಲ್ಲ.

ಬರೆಯುವಾಗ ಈ ಕ್ರಮ ಸಹಾಯ ಮಾಡುತ್ತದೆ. ಪ್ರಶ್ನೆ ಏನಿತ್ತು, ಒಂದು ಸಾಲು. ನೀವು ಏನು ಮಾಡಿದಿರಿ, ಮೂರು ನಾಲ್ಕು ಸಾಲು, ಕ್ರಿಯಾಪದಗಳು ನಿಮ್ಮವೇ ಆಗಿರಲಿ. ಏನು ತಿಳಿಯಿತು, ಒಂದು ಸಾಲು. ಈಗ ಎಲ್ಲಿದೆ, ಒಂದು ಸಾಲು. ‘ನಾವು’ ಮತ್ತು ‘ನಾನು’ ಬೆರೆಸಬೇಡಿ. ತಂಡ ಮಾಡಿದ್ದಕ್ಕೆ ‘ನಾವು’, ನೀವು ಮಾಡಿದ್ದಕ್ಕೆ ‘ನಾನು’. ಓದುವವರಲ್ಲಿ ವಿಜ್ಞಾನಿಗಳಲ್ಲದವರೂ ಇರುತ್ತಾರೆ, ಆದ್ದರಿಂದ ಕಷ್ಟದ ಪದ ಒಂದೆರಡಕ್ಕಿಂತ ಜಾಸ್ತಿ ಬೇಡ. ಇನ್ನೊಂದು, ಸಾದಾ ಅಕ್ಷರಗಳಲ್ಲಿ ಬರೆಯಿರಿ. ದಪ್ಪ ಅಕ್ಷರ, ಬುಲೆಟ್ ಇವೆಲ್ಲ ಅರ್ಜಿಯೊಳಗೆ ಅಂಟಿಸಿದಾಗ ಕೆಟ್ಟುಹೋಗುತ್ತವೆ.

5. ಅತಿ ಮುಖ್ಯವಾದ ಮೂರರಲ್ಲಿ ಇದು ಸೇರಬೇಕಾ?

15 ಚಟುವಟಿಕೆಗಳಲ್ಲಿ ಮೂರನ್ನು ‘ಮೋಸ್ಟ್ ಮೀನಿಂಗ್‌ಫುಲ್’ ಅಂತ ಆರಿಸಬಹುದು. ಅವಕ್ಕೆ ಇನ್ನೂ 1325 ಅಕ್ಷರ ಸಿಗುತ್ತದೆ. ಸಂಶೋಧನೆ ನಿಮ್ಮನ್ನು ನಿಜವಾಗಿ ಬದಲಿಸಿದ್ದರೆ ಸೇರಿಸಿ. ಸಂಶೋಧನೆಗೆ ಹೆಸರಾದ ಕಾಲೇಜಿಗೆ ಹಾಕುತ್ತಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ಸೇರಿಸಬೇಡಿ. ಮನಸ್ಸಿಲ್ಲದ 1325 ಅಕ್ಷರ ಓದುವವರಿಗೆ ಗೊತ್ತಾಗುತ್ತದೆ.

ಇಲ್ಲಿ ಮತ್ತೆ ಪ್ರಯೋಗದ ವಿವರ ಹೇಳುತ್ತಾ ಹೋಗಬೇಡಿ, ಅದು 700ರಲ್ಲಿ ಮುಗಿದಿದೆ. ಒಂದೇ ಒಂದು ಸನ್ನಿವೇಶ ತೆಗೆದುಕೊಳ್ಳಿ. ನನ್ನ ವಿಷಯದಲ್ಲಿ ಅದು ಗ್ರೂಪ್ ಮೀಟಿಂಗ್. ಹಿಂದಿನ ತಿಂಗಳು ನಾನೇ ತೋರಿಸಿದ್ದ ಒಳ್ಳೆಯ ಗ್ರಾಫ್ ತಪ್ಪು ಅಂತ ಎಲ್ಲರ ಮುಂದೆ ಹೇಳಬೇಕಿತ್ತು. ಹೇಳಿದೆ. ಯಾರೂ ಬೈಯಲಿಲ್ಲ, ಮುಂದೇನು ಮಾಡೋಣ ಅಂತ ಚರ್ಚೆ ಶುರುವಾಯಿತು. ತಪ್ಪನ್ನು ಬೇಗ ಹೇಳುವುದು ಆಸ್ಪತ್ರೆಯಲ್ಲೂ ಎಷ್ಟು ಮುಖ್ಯ ಅಂತ ನನಗೆ ಅರ್ಥವಾಗಿದ್ದು ಆ ದಿನ. ಇಷ್ಟನ್ನೇ ಬರೆದೆ. ಸಂದರ್ಶನಗಳಲ್ಲಿ ಆ ಗ್ರಾಫ್ ಬಗ್ಗೆಯೇ ಜಾಸ್ತಿ ಕೇಳಿದರು.

ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ, ವಿದ್ಯಾರ್ಥಿಗಳಲ್ಲಿ ನೋಡಬೇಕಾದ ಸಾಮರ್ಥ್ಯಗಳ ಪಟ್ಟಿಯನ್ನೇ ಇಟ್ಟಿದೆ. ಅದರಲ್ಲಿ ವೈಜ್ಞಾನಿಕ ವಿಚಾರಣೆ ಒಂದು. ಜೊತೆಗೆ ನಂಬಿಕೆಗೆ ಅರ್ಹರಾಗಿರುವುದು, ನೈತಿಕ ಹೊಣೆ, ಕಷ್ಟಕ್ಕೆ ಕುಗ್ಗದೆ ಹೊಂದಿಕೊಳ್ಳುವುದು, ತಂಡದಲ್ಲಿ ಕೆಲಸ ಮಾಡುವುದು ಕೂಡ ಇವೆ. ಲ್ಯಾಬ್‌ನ ಒಂದು ಕೆಟ್ಟ ತಿಂಗಳು ಇವುಗಳಲ್ಲಿ ಮೂರು ನಾಲ್ಕನ್ನು ತೋರಿಸಬಲ್ಲದು. ಆದರೆ ಆ ಪದಗಳನ್ನೇ ಎತ್ತಿ ಬರೆಯಬೇಡಿ. ನಡೆದದ್ದನ್ನು ಹೇಳಿ, ಪದವನ್ನು ಓದುವವರು ಹಚ್ಚಿಕೊಳ್ಳಲಿ.

ಎಂ.ಡಿ.–ಪಿಎಚ್.ಡಿ.ಗೆ ಹಾಕುವವರಿಗೆ ಇನ್ನೆರಡು ಪ್ರಬಂಧ ಇವೆ. ಯಾಕೆ ಈ ಜೋಡಿ ಪದವಿ ಅನ್ನುವುದಕ್ಕೆ 3000 ಅಕ್ಷರ, ಸಂಶೋಧನೆಯ ಅನುಭವಕ್ಕೆ 10,000 ಅಕ್ಷರ. ಅಲ್ಲಿ ಕಂಟ್ರೋಲ್‌ಗಳು (ಹೋಲಿಕೆಗಾಗಿ ಮಾಡುವ ಪ್ರಯೋಗಗಳು), ಫಲಿತಾಂಶದ ಮಿತಿ ಎಲ್ಲವನ್ನೂ ವಿವರವಾಗಿ ಬರೆಯಲು ಜಾಗ ಇದೆ. ಪ್ರಕಟವಾಗದ ಕೆಲಸವನ್ನು ಪೂರ್ತಿಯಾಗಿ ತೆರೆದಿಡಲು ಅದಕ್ಕಿಂತ ಒಳ್ಳೆಯ ಜಾಗ ಅರ್ಜಿಯಲ್ಲಿ ಬೇರೆ ಇಲ್ಲ.

6. ಯೋಜನೆ ಅರ್ಧಕ್ಕೆ ನಿಂತಿದ್ದರೆ

ಹಣ ಮುಗಿಯಿತು. ಲ್ಯಾಬ್ ಬೇರೆ ಊರಿಗೆ ಹೋಯಿತು. ನೀವೇ ಬಿಟ್ಟು ಬಂದಿರಿ. ಇಂಥವನ್ನು ಮುಚ್ಚಿಡಬೇಕಿಲ್ಲ, ದೂರಬೇಕಾಗಿಯೂ ಇಲ್ಲ. “ಅನುದಾನ ಮುಗಿದ ಕಾರಣ ಯೋಜನೆ ನಿಂತಿತು. ಅಷ್ಟರೊಳಗೆ 140 ಮಾದರಿಗಳ ವಿಶ್ಲೇಷಣೆ ಮುಗಿಸಿ, ವಿಧಾನವನ್ನು ಬರೆದಿಟ್ಟು ಬಂದೆ.” ಇಷ್ಟು ಸಾಕು. ನಿಂತ ಕಾರಣಕ್ಕೆ ಅರ್ಧ ಸಾಲು, ಮಾಡಿದ ಕೆಲಸಕ್ಕೆ ಉಳಿದದ್ದು.

ಫಲಿತಾಂಶ ಬರದಿದ್ದರೂ ಹಾಗೆಯೇ. ಪರಿಣಾಮ ಕಾಣದ ಫಲಿತಾಂಶಗಳು ಪ್ರಕಟವಾಗದೆ ಮೇಜಿನ ಖಾನೆಯಲ್ಲೇ ಉಳಿಯುತ್ತವೆ ಅನ್ನುವ ಸಮಸ್ಯೆಗೆ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂಥಾಲ್ 1979ರಲ್ಲೇ ‘ಫೈಲ್ ಡ್ರಾಯರ್’ ಅಂತ ಹೆಸರು ಕೊಟ್ಟರು. ಗೆದ್ದ ಪ್ರಯೋಗಗಳು ಮಾತ್ರ ಹೊರಬಂದರೆ, ಒಂದು ಔಷಧ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮುಂದೆ ವೈದ್ಯರಾಗಿ ಆ ಪೇಪರ್‌ಗಳನ್ನು ನಂಬಿ ಔಷಧ ಬರೆಯುವವರು ನೀವೇ. ‘ಪರಿಣಾಮ ಕಾಣಲಿಲ್ಲ’ ಅನ್ನುವ ಸಾಲನ್ನು ತಲೆ ಎತ್ತಿ ಬರೆಯಿರಿ.

7. ಪೋಸ್ಟರ್ ಇದ್ದರೆ

‘ಪ್ರೆಸೆಂಟೇಷನ್ಸ್/ಪೋಸ್ಟರ್ಸ್’ ಅನ್ನುವುದು ಮತ್ತೊಂದು ವಿಭಾಗ. ಕಾಲೇಜಿನ ಸಂಶೋಧನಾ ದಿನದಲ್ಲಿ ನಿಂತು ವಿವರಿಸಿದ ಪೋಸ್ಟರ್ ಕೂಡ ಇಲ್ಲಿ ಬರುತ್ತದೆ. ಕಾರ್ಯಕ್ರಮದ ಹೆಸರು, ದಿನಾಂಕ, ಶೀರ್ಷಿಕೆ, ಲೇಖಕರ ಕ್ರಮ, ಮತ್ತೆ ಅಲ್ಲಿ ನಿಂತು ಮಾತಾಡಿದ್ದು ನೀವೋ ಬೇರೆಯವರೋ ಅನ್ನುವುದು ಇರಲಿ. ಎರಡು ಮೂರು ಪೋಸ್ಟರ್ ಇದ್ದರೆ ಒಂದೇ ಖಾನೆಯಲ್ಲಿ ಸೇರಿಸಿ. ಒಂದೇ ಯೋಜನೆಯನ್ನು ಲ್ಯಾಬ್, ಪೋಸ್ಟರ್, ಪ್ರಬಂಧ, ಪ್ರಶಸ್ತಿ ಅಂತ ನಾಲ್ಕು ಖಾನೆಗೆ ಹಂಚಿದರೆ ಹಿಗ್ಗಿಸಿದ ಹಾಗೆ ಕಾಣುತ್ತದೆ.

8. ಶಿಫಾರಸು ಪತ್ರ

ಪೇಪರ್ ಇಲ್ಲದಾಗ ಪಿಐ ಬರೆಯುವ ಪತ್ರಕ್ಕೆ ತೂಕ ಜಾಸ್ತಿ. ನೀವು ಬರೆದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿಸುವುದು ಅದೊಂದೇ. ಆದರೆ ದೊಡ್ಡ ಲ್ಯಾಬ್‌ನಲ್ಲಿ ಪಿಐ ನಿಮ್ಮನ್ನು ತಿಂಗಳಿಗೊಮ್ಮೆ ನೋಡಿರಬಹುದು. ದಿನಾ ನೋಡಿದವರು ಪೋಸ್ಟ್‌ಡಾಕ್ ಅಥವಾ ಪಿಎಚ್.ಡಿ. ವಿದ್ಯಾರ್ಥಿ. ಅವರು ಕರಡು ಬರೆದು, ಪಿಐ ಅದನ್ನು ನೋಡಿ, ಇಬ್ಬರೂ ಸಹಿ ಹಾಕುವುದು ರೂಢಿಯಲ್ಲಿದೆ. ಸಂಕೋಚಪಡದೆ ಕೇಳಿ.

ಕೇಳುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ಪುಟದಲ್ಲಿ ನೀವು ಮಾಡಿದ ಕೆಲಸ, ನೀವು ಬಿಡಿಸಿದ ತೊಡಕು, ನೋಟ್‌ಬುಕ್‌ನ ದಿನಾಂಕಗಳನ್ನು ಬರೆದು ಕೊಡಿ. ಅರ್ಜಿಯ ಆ 700 ಅಕ್ಷರವನ್ನೂ ಜೊತೆಗೆ ಕೊಡಿ. ಪತ್ರ “ಹಸ್ತಪ್ರತಿ ತಯಾರಿಯಲ್ಲಿದೆ” ಅಂದು, ಅರ್ಜಿ “ಸಲ್ಲಿಸಲಾಗಿದೆ” ಅಂದರೆ ಸರಿಹೋಗದು.

9. ಸಂದರ್ಶನಕ್ಕೆ ಮೊದಲು

ಬರೆದದ್ದೆಲ್ಲದರ ಬಗ್ಗೆಯೂ ಕೇಳಬಹುದು. ಕೇಳುವವರು ಅದೇ ವಿಷಯದ ತಜ್ಞರೇ ಆಗಿರಬಹುದು, ಅಥವಾ ಲ್ಯಾಬ್ ಒಳಗೆ ಕಾಲಿಡದವರೂ ಆಗಿರಬಹುದು. ಹಾಗಾಗಿ ಎರಡು ಉತ್ತರ ತಯಾರಿರಲಿ. ಒಂದು, ಹೈಸ್ಕೂಲ್ ಹುಡುಗನಿಗೂ ಅರ್ಥವಾಗುವ ಒಂದು ನಿಮಿಷದ ಮಾತು. ಇನ್ನೊಂದು, ತಜ್ಞರ ಜೊತೆಗಿನ ಐದು ನಿಮಿಷದ್ದು. ಮನೆಯಲ್ಲಿ ವಿಜ್ಞಾನ ಓದದ ಯಾರಿಗಾದರೂ ಮೊದಲನೆಯದನ್ನು ಹೇಳಿ ನೋಡಿ. ಅವರು ಎಲ್ಲಿ ಹುಬ್ಬು ಗಂಟಿಕ್ಕಿದರೋ ಅಲ್ಲಿ ತಿದ್ದಿ.

ತಜ್ಞರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ನಿಮ್ಮ ಕಂಟ್ರೋಲ್ ಏನಿತ್ತು? ಎಷ್ಟು ಬಾರಿ ಮಾಡಿದಿರಿ? ಬೇರೆ ವಿವರಣೆ ಇರಬಹುದಾ? ಇನ್ನೊಂದು ವರ್ಷ ಸಿಕ್ಕರೆ ಏನು ಮಾಡುತ್ತೀರಿ? ಪೇಪರ್ ಯಾಕೆ ಬರಲಿಲ್ಲ? ಕೊನೆಯದನ್ನು ಕೇಳಿದಾಗ ಗಾಬರಿ ಬೇಡ, ಅದು ಆರೋಪ ಅಲ್ಲ. ಕಾರಣವನ್ನು ಎರಡು ವಾಕ್ಯದಲ್ಲಿ ಹೇಳಿ, ಈಗ ಕೆಲಸ ಎಲ್ಲಿದೆ ಅಂತ ಹೇಳಿ, ನಿಲ್ಲಿಸಿ. ಗೊತ್ತಿಲ್ಲದ್ದನ್ನು ಕೇಳಿದರೆ “ಆ ಭಾಗವನ್ನು ಪೋಸ್ಟ್‌ಡಾಕ್ ಮಾಡಿದರು, ನನಗೆ ತಿಳಿದಷ್ಟು ಹೀಗೆ” ಅನ್ನಿ. ಗುಟ್ಟಾಗಿಡಬೇಕಾದ ವಿವರ ಕೇಳಿದರೆ, ಇನ್ನೂ ಪ್ರಕಟವಾಗಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ ಅಂತ ವಿನಯದಿಂದ ಹೇಳಿದರೆ ಯಾರೂ ಬೇಸರಪಡುವುದಿಲ್ಲ.

10. ಅರ್ಜಿ ಹೋದ ಮೇಲೆ ಪೇಪರ್ ಒಪ್ಪಿಗೆಯಾದರೆ

ಆಮ್‌ಕಾಸ್ ಅರ್ಜಿಯನ್ನು ಒಮ್ಮೆ ಸಲ್ಲಿಸಿದರೆ ಚಟುವಟಿಕೆಗಳ ಭಾಗವನ್ನು ತಿದ್ದಲು ಬರುವುದಿಲ್ಲ. ಪೇಪರ್‌ಗಾಗಿ ಕಾಯುತ್ತಾ ಅರ್ಜಿಯನ್ನು ತಡಮಾಡುವುದು ಮಾತ್ರ ಬೇಡ. ತುಂಬಾ ಕಾಲೇಜುಗಳು ಅರ್ಜಿ ಬಂದ ಹಾಗೆ ನೋಡುತ್ತಾ ಸಂದರ್ಶನಕ್ಕೆ ಕರೆಯುತ್ತವೆ. ತಡವಾದರೆ ಜಾಗ ಕಡಿಮೆಯಾಗುತ್ತಾ ಹೋಗುತ್ತದೆ.

ಹೊಸ ಸುದ್ದಿಗೆ ಬೇರೆ ದಾರಿಗಳಿವೆ. ಕಾಲೇಜು ಕಳಿಸುವ ಸೆಕೆಂಡರಿ ಪ್ರಬಂಧಗಳಲ್ಲಿ ಜಾಗ ಇದ್ದರೆ ಅಲ್ಲಿ ಹೇಳಬಹುದು. ಸಂದರ್ಶನದಲ್ಲಿ ಹೇಳಬಹುದು. ಕೆಲವು ಕಾಲೇಜುಗಳು ಅಪ್‌ಡೇಟ್ ಪತ್ರ ತೆಗೆದುಕೊಳ್ಳುತ್ತವೆ, ಕೆಲವು ಬೇಡ ಅನ್ನುತ್ತವೆ. ಅವರವರ ಪೋರ್ಟಲ್‌ನಲ್ಲಿ ನಿಯಮ ಓದಿ, ಆಮೇಲೆ ಕಳಿಸಿ. ಪತ್ರ ಉದ್ದ ಬೇಡ: “ನನ್ನ ಅರ್ಜಿಯಲ್ಲಿ ‘ಸಲ್ಲಿಸಲಾಗಿದೆ’ ಎಂದು ನಮೂದಿಸಿದ್ದ ಹಸ್ತಪ್ರತಿ ಅಕ್ಟೋಬರ್ 14ರಂದು ಒಪ್ಪಿಗೆಯಾಗಿದೆ. ನಾನು ಮೂರನೆಯ ಲೇಖಕ. ಚಿತ್ರ 2ರ ಅಳತೆಗಳು ನನ್ನವು.” ಜರ್ನಲ್ ಹೆಸರು ಮತ್ತು ಡಿಒಐ ಇದ್ದರೆ ಕೊನೆಗೆ ಸೇರಿಸಿ ಕಳಿಸಿಬಿಡಿ.